ಮಗುವಿನ ವಿಕಾಸ ತಡವಾದಾಗ ದಂಪತಿಗಳ ಕರ್ತವ್ಯ



ಕೃಷ್ಣೆ ಮತ್ತು ಮಲಪ್ರಭೆಯರು ಕೂಡುವ ಕೂಡಲಸಂಗಮಕ್ಕೆ ನೀವು ಹೋಗಿರುತ್ತೀರಿ. ಅಲ್ಲಿ ಬಸವಣ್ಣನವರ ಐಕ್ಯ ಮಂಟಪವನ್ನು ನಾರಾಯಣಪುರ ಜಲಾಶಯದ ಹಿನ್ನೀರಿನಿಂದ ಕಾಪಾಡುವ ಸಲುವಾಗಿ ಸುತ್ತಲೂ ಬಾವಿಯಾಕಾರದ ಎತ್ತರವಾದ ಗೋಡೆಯನ್ನು ಕಟ್ಟಲಾಗಿದೆ. ಯಾತ್ರಿಕರು ಮೆಟ್ಟಿಲುಗಳನ್ನಿಳಿದು ದರ್ಶನ ಪಡೆಯುತ್ತಾರೆ. ನೀರು ಒಳಹೊಕ್ಕ ಮೇಲೆ ಗೋಡೆ ಕಟ್ಟುವುದು ಎಷ್ಟು ಕಷ್ಟವೆಂಬುದನ್ನು ನದಿಯ ದಂಡೆಯಲ್ಲಿ ಬಾಳುವ ನಿಮಗೆ ಹೇಳಬೇಕಾಗಿಲ್ಲ. ಮಕ್ಕಳ ವಿಕಾಸದ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಸಕಾಲದಲ್ಲಿ ಮಾಡಿದ ಅಲ್ಪ ಪ್ರಯತ್ನವು ಕಾಲ ಮೀರಿದ ಮೇಲೆ ಮಾಡುವ ಮಹಾ ಪ್ರಯತ್ನಕ್ಕಿಂತ ಹೆಚ್ಚು ಫಲ ನೀಡುತ್ತದೆ.

ಈ ಪಾಠದಲ್ಲಿ ಮೂರು ವಿಷಯಗಳನ್ನು ತಿಳಿದುಕೊಳ್ಳೋಣ. ಮಗುವಿನ ವಿಕಾಸ ತಡವಾಗಿದೆಯೆಂದು ಗುರುತಿಸುವುದು ಹೇಗೆ? ಅಂತಹ ಮಗುವನ್ನು ಹಲವು ತಜ್ಞರು ಒಟ್ಟಾಗಿ ಏಕೆ ಪರೀಕ್ಷಿಸಬೇಕು? ಪರೀಕ್ಷೆಯ ನಂತರ ಮನೆಯಲ್ಲಿ ಗಂಡಹೆಂಡಿರು ಕೂಡಿ ಮಾಡಬೇಕಾದ ಆರೈಕೆ ಯಾವುದು?

ಒಂದು ಕುಟುಂಬದ ಉದಾಹರಣೆ

ಹುನಗುಂದದ ಕಡೆಯ ಒಂದು ಹಳ್ಳಿಯ ಕುಟುಂಬವನ್ನು ಊಹಿಸಿಕೊಳ್ಳಿರಿ. ಮಗನಿಗೆ ಎರಡೂವರೆ ವರ್ಷ. ನೋಡಲು ಲಕ್ಷಣವಾಗಿದ್ದಾನೆ, ಓಡಾಡುತ್ತಾನೆ. ಆದರೆ ಮಾತಿಲ್ಲ. ಹೆಸರು ಹಿಡಿದು ಕೂಗಿದರೆ ತಿರುಗಿ ನೋಡುವುದಿಲ್ಲ. ಓರಗೆಯ ಮಕ್ಕಳೊಡನೆ ಸೇರದೆ ಮೂಲೆಯಲ್ಲಿ ಕುಳಿತು ಒಂದು ಡಬ್ಬಿಯ ಮುಚ್ಚಳವನ್ನು ಗಂಟೆಗಟ್ಟಲೆ ತಿರುಗಿಸುತ್ತಾನೆ.

ಅಜ್ಜಿಯು, “ಇವನಪ್ಪನೂ ತಡವಾಗಿಯೇ ಮಾತಾಡಿದ, ಸುಮ್ಮನಿರಿ” ಎನ್ನುತ್ತಾಳೆ. ನೆರೆಯವರು ಗ್ರಹಣದ ದಿನ ಬಸುರಿ ಹೊರಗೆ ಬಂದಳೆಂದು ತಾಯಿಯನ್ನು ದೂರುತ್ತಾರೆ. ತಂದೆ ದುಡಿಮೆಗಾಗಿ ಗೋವಾಕ್ಕೆ ಹೋಗಿದ್ದಾನೆ. ಒಬ್ಬರು ತಾಯಿತ ಕಟ್ಟುತ್ತಾರೆ. ಮತ್ತೊಬ್ಬರು ನಾಲಗೆಯ ಕೆಳಗಿನ ನರ ಕತ್ತರಿಸಬೇಕೆನ್ನುತ್ತಾರೆ. ಇನ್ನೊಬ್ಬರು ಬುದ್ಧಿ ಬೆಳೆಯುವ ಟಾನಿಕ್ ಎಂದು ಬಾಟಲಿ ಮಾರುತ್ತಾರೆ. ಹೀಗೆ ಒಂದು ವರ್ಷ ಕಳೆಯುತ್ತದೆ. ಹಣವೂ ಹೋಯಿತು, ಹಣಕ್ಕಿಂತ ಅಮೂಲ್ಯವಾದ ಕಾಲವೂ ಹೋಯಿತು.

ಇಂತಹ ಮನೆ ನಿಮ್ಮ ಓಣಿಯಲ್ಲಿಯೇ ಇರಬಹುದು. ಅದು ನಿಮ್ಮ ಮನೆಯೇ ಆಗಿರಲೂಬಹುದು. ಆದುದರಿಂದ ಮುಂದಿನ ಸಂಗತಿಗಳನ್ನು ಗಂಡಹೆಂಡಿರಿಬ್ಬರೂ ಕುಳಿತು ಓದಿರಿ. ಓದಲು ಬಾರದವರಿಗೆ ಓದಿ ಹೇಳಿರಿ.

ನರವಿಕಾಸದ ತೊಂದರೆ ಎಂದರೇನು?

ಮಗು ನಗುವುದು, ಕತ್ತು ನಿಲ್ಲಿಸುವುದು, ಕೂರುವುದು, ನಡೆಯುವುದು, ಮಾತನಾಡುವುದು, ಇತರರೊಡನೆ ಬೆರೆಯುವುದು – ಇವೆಲ್ಲವೂ ಮಿದುಳಿನ ಬೆಳವಣಿಗೆಯನ್ನು ಅವಲಂಬಿಸಿವೆ. ಈ ಬೆಳವಣಿಗೆಯ ಹಾದಿಯಲ್ಲಿ ಅಡೆತಡೆಯುಂಟಾದರೆ ಅದನ್ನು ನರವಿಕಾಸದ ತೊಂದರೆ ಎನ್ನುತ್ತಾರೆ. ಆಟಿಸಂ ಎಂದು ಕರೆಯುವ ಸ್ವಲೀನತೆ, ಬೌದ್ಧಿಕ ವಿಕಲತೆ, ಕೈಕಾಲುಗಳು ಬಿಗಿಯುವ ಸೆರೆಬ್ರಲ್ ಪಾಲ್ಸಿ, ಮಾತು ಮತ್ತು ಭಾಷೆಯ ತೊಂದರೆ, ಅತಿ ಚಟುವಟಿಕೆ ಹಾಗೂ ಗಮನದ ಕೊರತೆ, ಕಲಿಕೆಯ ತೊಂದರೆ ಮುಂತಾದವು ಈ ಗುಂಪಿಗೆ ಸೇರುತ್ತವೆ. ಮೂರ್ಛೆರೋಗ, ಕಿವುಡು ಮತ್ತು ದೃಷ್ಟಿದೋಷಗಳು ಇವುಗಳ ಜೊತೆಗೂಡಿ ಬರುವುದುಂಟು. ಹಿಂದೆ ಇಂತಹ ಮಕ್ಕಳನ್ನೆಲ್ಲ ‘ಮಂದಬುದ್ಧಿಯವರು’ ಎಂದು ಒಂದೇ ಹೆಸರಿನಿಂದ ಕರೆದುಬಿಡುತ್ತಿದ್ದರು. ಆ ಮಾತು ಮಗುವಿನ ಮನಸ್ಸಿಗೂ ಮನೆತನಕ್ಕೂ ನೋವುಂಟುಮಾಡುತ್ತದೆ; ತೊಂದರೆಯ ನಿಜವಾದ ಸ್ವರೂಪವನ್ನೂ ಮರೆಮಾಡುತ್ತದೆ. ಆ ಪದವನ್ನು ಬಳಸಬೇಡಿರಿ.

ಇದು ಎಲ್ಲಿಯೋ ಅಪರೂಪಕ್ಕೆ ಕಾಣುವ ಸಂಗತಿಯೆಂದು ತಿಳಿಯಬಾರದು. ಉತ್ತರ ಗೋವಾ, ಹೈದರಾಬಾದ್, ಹರಿಯಾಣದ ಪಲ್ವಲ್, ಹಿಮಾಚಲ ಪ್ರದೇಶದ ಕಾಂಗ್ರಾ ಹಾಗೂ ಒಡಿಶಾದ ಢೇಂಕಾನಾಲ್ – ಈ 5 ಕಡೆಗಳಲ್ಲಿ ಮಕ್ಕಳನ್ನು ಪರೀಕ್ಷಿಸಿದ ಒಂದು ದೊಡ್ಡ ಅಧ್ಯಯನವು 2018ರಲ್ಲಿ ಪ್ರಕಟವಾಯಿತು. ಕಿವಿ, ಕಣ್ಣು ಮತ್ತು ಮೂರ್ಛೆಯ ತೊಂದರೆಗಳನ್ನೂ ಸೇರಿಸಿ ಎಣಿಸಿದಾಗ, 2ರಿಂದ 6 ವರ್ಷದೊಳಗಿನ 100 ಮಕ್ಕಳಲ್ಲಿ ಸುಮಾರು 9 ಮಕ್ಕಳಿಗೂ, 6ರಿಂದ 9 ವರ್ಷದ 100 ಮಕ್ಕಳಲ್ಲಿ 13–14 ಮಕ್ಕಳಿಗೂ ಇಂತಹ ಯಾವುದಾದರೊಂದು ತೊಂದರೆ ಇದ್ದುದು ಕಂಡುಬಂದಿತು. ಹಳ್ಳಿ, ಪಟ್ಟಣ, ಗಂಡು, ಹೆಣ್ಣು, ಮತ ಎಂಬ ಭೇದ ಅದರಲ್ಲಿ ವಿಶೇಷವಾಗಿ ಕಾಣಲಿಲ್ಲ. ತೊಂದರೆಯಿದ್ದ ಮಕ್ಕಳಲ್ಲಿ ಸುಮಾರು ಐದರಲ್ಲಿ ಒಂದು ಮಗುವಿಗೆ ಒಂದಕ್ಕಿಂತ ಹೆಚ್ಚು ತೊಂದರೆಗಳಿದ್ದವು. ಈ ಕೊನೆಯ ಮಾತನ್ನು ನೆನಪಿನಲ್ಲಿಡಿರಿ. ಹಲವರು ಕೂಡಿ ಏಕೆ ನೋಡಬೇಕೆಂಬ ಪ್ರಶ್ನೆಗೆ ಉತ್ತರ ಇದರಲ್ಲಿಯೇ ಇದೆ.

ಗುರುತಿಸುವುದು ಹೇಗೆ?

ಎಲ್ಲ ಮಕ್ಕಳೂ ಒಂದೇ ದಿನ ನಡೆಯುವುದಿಲ್ಲ, ಒಂದೇ ದಿನ ಮಾತನಾಡುವುದಿಲ್ಲ. ಸ್ವಲ್ಪ ಹೆಚ್ಚುಕಡಿಮೆ ಇರುವುದು ಸಹಜ. ಆದರೆ ಕೆಳಗಿನ ಯಾವುದೇ ಒಂದು ಲಕ್ಷಣ ಕಂಡುಬಂದರೂ ಕಾಯದೆ ಆರೋಗ್ಯ ಸಿಬ್ಬಂದಿಗೆ ತಿಳಿಸತಕ್ಕದ್ದು.

1. 3 ತಿಂಗಳಾದರೂ ತಾಯಿಯ ಮುಖ ನೋಡಿ ನಗದಿರುವುದು. ದೊಡ್ಡ ಶಬ್ದಕ್ಕೆ ಬೆಚ್ಚದಿರುವುದು.
2. 5 ತಿಂಗಳಾದರೂ ಕತ್ತು ನಿಲ್ಲದಿರುವುದು.
3. 9 ತಿಂಗಳಾದರೂ ಆಸರೆಯಿಲ್ಲದೆ ಕೂರದಿರುವುದು. ಕರೆದ ಕಡೆಗೆ ತಿರುಗದಿರುವುದು.
4. 12 ತಿಂಗಳಾದರೂ ‘ಬಾ ಬಾ’, ‘ದಾ ದಾ’ ಎಂದು ತೊದಲದಿರುವುದು. ಕೈ ಬೀಸುವುದು, ಕೈ ಚಾಚುವುದು ಮುಂತಾದ ಸನ್ನೆಗಳನ್ನು ಮಾಡದಿರುವುದು.
5. 18 ತಿಂಗಳಾದರೂ ನಡೆಯದಿರುವುದು. ಬೇಕಾದುದನ್ನು ಬೆರಳು ಮಾಡಿ ತೋರಿಸದಿರುವುದು. ಅರ್ಥವುಳ್ಳ ಒಂದೆರಡು ಮಾತನ್ನೂ ಆಡದಿರುವುದು.
6. 2 ವರ್ಷವಾದರೂ ‘ಅವ್ವಾ ಬಾ’, ‘ನೀರು ಕೊಡು’ ಎಂಬಂತೆ ಎರಡು ಪದ ಕೂಡಿಸಿ ಹೇಳದಿರುವುದು.
7. ಒಂದು ಕೈ ಅಥವಾ ಒಂದು ಕಾಲನ್ನು ಬಳಸದಿರುವುದು, ಮೈ ತೀರ ಬಿಗಿಯಾಗಿ ಅಥವಾ ತೀರ ಸಡಿಲವಾಗಿರುವುದು, ಫಿಟ್ಸ್ ಬರುವುದು.
8. ಯಾವ ವಯಸ್ಸಿನಲ್ಲಿಯೇ ಆಗಲಿ, ಒಮ್ಮೆ ಕಲಿತ ಮಾತು, ನಗು, ಆಟವನ್ನು ಮಗು ಬಿಟ್ಟುಬಿಡುವುದು. ಇದು ಎಲ್ಲಕ್ಕಿಂತ ತುರ್ತಿನ ಲಕ್ಷಣ.

ದಿನ ತುಂಬುವ ಮೊದಲೇ ಹುಟ್ಟಿದ ಮಗುವಿನ ವಯಸ್ಸನ್ನು, ಮೊದಲ 2 ವರ್ಷಗಳವರೆಗೆ, ಹೆರಿಗೆಯಾಗಬೇಕಿದ್ದ ದಿನದಿಂದ ಎಣಿಸತಕ್ಕದ್ದು. ನಿಮ್ಮ ತಾಯಿ ಕಾರ್ಡನ್ನು ಲಸಿಕೆಯ ದಿನ ಮಾತ್ರ ಹೊರಗೆ ತೆಗೆಯುವ ರೂಢಿಯನ್ನು ಬಿಡಿರಿ. ತಿಂಗಳಿಗೊಮ್ಮೆ ಅದರಲ್ಲಿಯ ಬೆಳವಣಿಗೆಯ ಪುಟವನ್ನು ತೆರೆದು ಮಗುವಿನೊಡನೆ ಹೋಲಿಸಿ ನೋಡಿರಿ. ಆಶಾ ಕಾರ್ಯಕರ್ತೆಯು 3, 6, 9, 12 ಮತ್ತು 15ನೆಯ ತಿಂಗಳುಗಳಲ್ಲಿ ಮನೆಗೆ ಬರುವಾಗ, “ಮಗು ಚೆನ್ನಾಗಿದೆ” ಎಂದಷ್ಟೇ ಹೇಳಿ ಕಳುಹಿಸದೆ, ನಿಮ್ಮ ಸಂಶಯವನ್ನು ಬಿಚ್ಚಿ ಹೇಳಿರಿ. ಹಗಲಿರುಳು ಮಗುವನ್ನು ನೋಡುವ ತಾಯಿಯ ಸಂಶಯವನ್ನು ಯಾರೂ ಹಗುರವಾಗಿ ಕಾಣಬಾರದು.

ಹಲವರು ಕೂಡಿ ಏಕೆ ಪರೀಕ್ಷಿಸಬೇಕು?

ಬೆಳೆ ಹಳದಿಯಾದರೆ ನೀವು ಏನು ಮಾಡುತ್ತೀರಿ? ನೀರು ಹೆಚ್ಚಾಯಿತೋ, ನೀರು ಸಾಲದೋ, ಗೊಬ್ಬರ ಕಡಿಮೆಯೋ, ಬೇರಿಗೆ ಹುಳು ಬಿತ್ತೋ ಎಂದು ವಿಚಾರಿಸುತ್ತೀರಿ. ಬಣ್ಣ ಒಂದೇ; ಕಾರಣ ಬೇರೆ ಬೇರೆ. ಕಾರಣ ತಿಳಿಯದೆ ಔಷಧ ಸಿಂಪಡಿಸಿದರೆ ಹಣ ಹೋಗುತ್ತದೆ, ಬೆಳೆ ಉಳಿಯುವುದಿಲ್ಲ.

ಮಾತು ಬಾರದ ಮಗುವಿನ ಸ್ಥಿತಿಯೂ ಹಾಗೆಯೇ. ಕಿವಿ ಕೇಳದಿದ್ದರೆ ಮಾತು ಬರುವುದಿಲ್ಲ. ಸ್ವಲೀನತೆಯಿದ್ದರೂ ಮಾತು ತಡವಾಗುತ್ತದೆ. ಬುದ್ಧಿಯ ಬೆಳವಣಿಗೆ ನಿಧಾನವಾಗಿದ್ದರೂ, ಬಾಯಿಯ ಸ್ನಾಯುಗಳಲ್ಲಿ ದೋಷವಿದ್ದರೂ, ಥೈರಾಯ್ಡ್ ಗ್ರಂಥಿಯ ರಸ ಕಡಿಮೆಯಾದರೂ, ಮಗುವಿನೊಡನೆ ಯಾರೂ ಮಾತನಾಡದೆ ಮೊಬೈಲು ಕೊಟ್ಟು ಕೂರಿಸಿದರೂ ಹೊರಗೆ ಕಾಣುವ ಲಕ್ಷಣ ಒಂದೇ. ಕಿವಿಯ ತಜ್ಞರು ಕಿವಿಯನ್ನು ಬಲ್ಲರು, ಮನೋವಿಜ್ಞಾನಿ ವರ್ತನೆಯನ್ನು ಬಲ್ಲರು, ಮಕ್ಕಳ ವೈದ್ಯರು ದೇಹವನ್ನು ಬಲ್ಲರು. ಒಬ್ಬೊಬ್ಬರೂ ಒಂದೊಂದು ಭಾಗವನ್ನು ನೋಡಿ, ಬಳಿಕ ಎಲ್ಲರೂ ಒಂದೆಡೆ ಕುಳಿತು ಮಾತನಾಡಿದಾಗಲೇ ಇಡೀ ಮಗು ಕಣ್ಣಿಗೆ ಕಾಣುತ್ತದೆ. ಇದನ್ನೇ ತಂಡದ ಪರೀಕ್ಷೆ ಎನ್ನುತ್ತಾರೆ.

ಮೇಲೆ ಹೇಳಿದ ಕುಟುಂಬಕ್ಕೇ ಮರಳೋಣ. ಅಂಗನವಾಡಿ ಕಾರ್ಯಕರ್ತೆಯು ಮಗುವಿನ ವಿಷಯವನ್ನು ಆರೋಗ್ಯ ತಂಡಕ್ಕೆ ತಿಳಿಸಿದಳೆಂದು ಭಾವಿಸಿರಿ. ತಂಡದವರು ಜಿಲ್ಲೆಗೆ ಕಳುಹಿಸಿದರು. ಪರೀಕ್ಷೆಯಲ್ಲಿ ಮಗುವಿನ ಎರಡೂ ಕಿವಿಗಳ ಒಳಗೆ ನೀರು ನಿಂತು ಕೇಳಿಸುವುದು ಮಂದವಾಗಿತ್ತು. ಅದರ ಜೊತೆಗೆ ಸ್ವಲೀನತೆಯ ಲಕ್ಷಣಗಳೂ ಇದ್ದವು. ರಕ್ತಹೀನತೆಯೂ ಇತ್ತು. ಕಿವಿಯ ವೈದ್ಯರೊಬ್ಬರನ್ನೇ ಕಂಡಿದ್ದರೆ ಕಿವಿಗೆ ಮಾತ್ರ ಚಿಕಿತ್ಸೆಯಾಗಿ, ಮಾತು ಏಕೆ ಬರಲಿಲ್ಲವೆಂದು ಮತ್ತೊಂದು ವರ್ಷ ಕಾಯುತ್ತಿದ್ದರು. ವರ್ತನೆಯನ್ನು ಮಾತ್ರ ನೋಡಿದ್ದರೆ ಕೇಳಿಸದ ಮಗುವಿಗೆ ಮಾತು ಕಲಿಸಲು ಹೆಣಗುತ್ತಿದ್ದರು. ಎರಡನ್ನೂ ಒಟ್ಟಿಗೆ ಕಂಡುದರಿಂದ ಎರಡಕ್ಕೂ ಒಟ್ಟಿಗೆ ದಾರಿಯಾಯಿತು.

ತಂಡದಲ್ಲಿ ಯಾರು ಯಾರು ಇರುತ್ತಾರೆ?

ಭಾರತ ಸರ್ಕಾರವು 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವನ್ನು ಆರಂಭಿಸಿತು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಹುಟ್ಟುದೋಷ, ರೋಗ, ಪೋಷಕಾಂಶಗಳ ಕೊರತೆ ಮತ್ತು ವಿಕಾಸದ ವಿಳಂಬ ಎಂಬ ನಾಲ್ಕು ಬಗೆಯ ತೊಂದರೆಗಳನ್ನು ಬೇಗನೆ ಪತ್ತೆಹಚ್ಚಿ ಉಚಿತವಾಗಿ ಚಿಕಿತ್ಸೆ ಒದಗಿಸುವುದು ಇದರ ಗುರಿ. ಇದರ ಸಂಚಾರಿ ತಂಡದಲ್ಲಿ ವೈದ್ಯರು, ಶುಶ್ರೂಷಕಿ ಹಾಗೂ ಔಷಧ ವಿತರಕರು ಇರುತ್ತಾರೆ. ಅಂಗನವಾಡಿಗೆ ವರ್ಷಕ್ಕೆ 2 ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೆ 1 ಬಾರಿ ತಂಡ ಭೇಟಿ ನೀಡಬೇಕೆಂಬುದು ನಿಯಮ. ತಂಡ ಬರುವ ದಿನವನ್ನು ಅಂಗನವಾಡಿಯಲ್ಲಿ ಕೇಳಿ ತಿಳಿದುಕೊಂಡು ಆ ದಿನ ಮಗುವನ್ನು ತಪ್ಪದೆ ಕರೆದುಕೊಂಡು ಹೋಗಿರಿ. ತೊಂದರೆಯಿರುವ ಮಗುವನ್ನು ನಾಚಿಕೆಯಿಂದ ಮನೆಯಲ್ಲಿಯೇ ಬಚ್ಚಿಡುವುದರಿಂದ ಹಾನಿಯಾಗುವುದು ಆ ಮಗುವಿಗೇ.

ಸಂಶಯ ಬಂದ ಮಕ್ಕಳನ್ನು ಮುಂದಿನ ಪರೀಕ್ಷೆಗಾಗಿ ಜಿಲ್ಲಾ ಮಟ್ಟಕ್ಕೆ ಕಳುಹಿಸಲಾಗುತ್ತದೆ. ಇದಕ್ಕಾಗಿ ಈ ಕಾರ್ಯಕ್ರಮದಲ್ಲಿ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರವೆಂಬ ವ್ಯವಸ್ಥೆಯಿದೆ. ಇದನ್ನು ಡಿ.ಇ.ಐ.ಸಿ. ಎಂದೂ ಕರೆಯುತ್ತಾರೆ. ನಮ್ಮ ಜಿಲ್ಲಾ ಆಸ್ಪತ್ರೆಯು ಬಾಗಲಕೋಟೆಯ ನವನಗರದಲ್ಲಿದೆ. ಯಾವ ದಿನ, ಯಾವ ಕೊಠಡಿಗೆ ಹೋಗಬೇಕೆಂಬುದನ್ನು ನಿಮ್ಮ ಆಶಾ ಕಾರ್ಯಕರ್ತೆಯಿಂದ ಮೊದಲೇ ಕೇಳಿಕೊಂಡು, ಕಳುಹಿಸಿದ ಚೀಟಿಯನ್ನು ಕೈಯಲ್ಲಿ ಹಿಡಿದು ಹೋಗಿರಿ. 2023ರ ಜೂನ್ ತಿಂಗಳಿನಿಂದ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣದ ಸೌಲಭ್ಯ ದೊರೆತಿದೆ, ಇದನ್ನು ಬಳಸಿಕೊಳ್ಳಿರಿ.

ಇಂತಹ ತಂಡದಲ್ಲಿ ಸಾಮಾನ್ಯವಾಗಿ ಕೆಳಕಂಡವರು ಇರುತ್ತಾರೆ:

ಮಕ್ಕಳ ವೈದ್ಯರು – ಬಸಿರು, ಹೆರಿಗೆ ಮತ್ತು ಹಿಂದಿನ ಕಾಯಿಲೆಗಳ ವಿವರ ಕೇಳುತ್ತಾರೆ. ತೂಕ, ಎತ್ತರ, ತಲೆಯ ಸುತ್ತಳತೆ ಅಳೆಯುತ್ತಾರೆ. ಫಿಟ್ಸ್, ರಕ್ತಹೀನತೆ, ಥೈರಾಯ್ಡ್ ಮುಂತಾದವುಗಳಿಗೆ ಪರೀಕ್ಷೆ, ಔಷಧ ಸೂಚಿಸುತ್ತಾರೆ.

ಶ್ರವಣ ಮತ್ತು ವಾಕ್ ತಜ್ಞರು – ಕಿವಿ ಎಷ್ಟು ಕೇಳುತ್ತದೆಂದು ಯಂತ್ರದ ಸಹಾಯದಿಂದ ಅಳೆಯುತ್ತಾರೆ. ಮಗು ನಿದ್ರಿಸುತ್ತಿರುವಾಗಲೂ ಈ ಪರೀಕ್ಷೆ ಸಾಧ್ಯ, ಇದರಿಂದ ನೋವಾಗುವುದಿಲ್ಲ. ಮಾತು ಕಲಿಸುವ ವಿಧಾನವನ್ನು ತೋರಿಸುತ್ತಾರೆ.

ಕಣ್ಣಿನ ಪರೀಕ್ಷಕರು – ದೃಷ್ಟಿಯನ್ನೂ ಮೆಳ್ಳೆಗಣ್ಣನ್ನೂ ಪರೀಕ್ಷಿಸುತ್ತಾರೆ.

ಮನೋವಿಜ್ಞಾನಿ – ಆಟದ ಸಾಮಾನು, ಚಿತ್ರಗಳ ಮೂಲಕ ಮಗುವಿನ ತಿಳಿವಳಿಕೆ, ಬೆರೆಯುವ ರೀತಿ, ಗಮನ ಇವುಗಳನ್ನು ಅರಿಯುತ್ತಾರೆ.

ಫಿಸಿಯೋಥೆರಪಿ ತಜ್ಞರು – ಬಿಗಿದ ಕೈಕಾಲುಗಳಿಗೆ ವ್ಯಾಯಾಮ, ಕೂರಿಸುವ ಮತ್ತು ಎತ್ತಿಕೊಳ್ಳುವ ಸರಿಯಾದ ಕ್ರಮವನ್ನು ಕಲಿಸುತ್ತಾರೆ.

ವಿಶೇಷ ಶಿಕ್ಷಕರು – ಉಣ್ಣುವುದು, ಬಟ್ಟೆ ತೊಡುವುದು, ಶೌಚ, ಆಟ, ಅಕ್ಷರ ಇವುಗಳನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು ಕಲಿಸುತ್ತಾರೆ.

ಸಮಾಜ ಕಾರ್ಯಕರ್ತರು – ಪ್ರಮಾಣಪತ್ರ, ಸೌಲಭ್ಯ, ಶಾಲೆಯ ಪ್ರವೇಶದ ವಿಷಯದಲ್ಲಿ ನೆರವಾಗುತ್ತಾರೆ.

ತಂದೆ ಮತ್ತು ತಾಯಿ – ಇವರು ತಂಡದ ಹೊರಗೆ ನಿಂತು ಕಾಯುವವರಲ್ಲ. ತಜ್ಞರು ಮಗುವನ್ನು ನೋಡುವುದು ತಿಂಗಳಿಗೆ ಒಂದೆರಡು ಗಂಟೆ. ಉಳಿದ ಹೊತ್ತೆಲ್ಲ ಮಗು ಇರುವುದು ನಿಮ್ಮ ಬಳಿಯಲ್ಲಿ. ಆದುದರಿಂದ ತಂಡದ ಮೊದಲ ಸದಸ್ಯರೂ ಕೊನೆಯವರೆಗೆ ಉಳಿಯುವ ಸದಸ್ಯರೂ ನೀವೇ.

ಜಿಲ್ಲೆಯಲ್ಲಿ ದೊರೆಯದ ಪರೀಕ್ಷೆ ಬೇಕಾದಾಗ ಹೆಚ್ಚಿನ ಸಂಸ್ಥೆಗಳಿಗೆ ಕಳುಹಿಸುತ್ತಾರೆ. ಮಾತು ಮತ್ತು ಕಿವಿಯ ತೊಂದರೆಗಳಿಗೆ ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್, ಇದೆ. ನಮ್ಮ ಭಾಗಕ್ಕೆ ಸಮೀಪದಲ್ಲಿ ಧಾರವಾಡದಲ್ಲಿಯೂ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಕೆಲಸ ಮಾಡುತ್ತಿದೆ. ಆದರೆ ಎಲ್ಲ ಮಕ್ಕಳಿಗೂ ದೂರದ ಊರಿನ ಅಗತ್ಯವಿಲ್ಲ. ದೊಡ್ಡ ಊರಿಗೆ ಹೋಗಲು ಹಣ ಕೂಡಿಸುತ್ತ, ಹತ್ತಿರದಲ್ಲಿ ಇಂದೇ ಆರಂಭಿಸಬಹುದಾದ ಆರೈಕೆಯನ್ನು ಮುಂದೂಡಬೇಡಿರಿ.

ಪರೀಕ್ಷೆಗೆ ಹೋಗುವಾಗ

ತಾಯಿ ಕಾರ್ಡು, ಹೆರಿಗೆಯಾದ ಆಸ್ಪತ್ರೆಯ ಕಾಗದ, ಹಿಂದೆ ಮಾಡಿಸಿದ ಪರೀಕ್ಷೆಗಳ ವರದಿ – ಎಲ್ಲವನ್ನೂ ಒಂದು ಚೀಲದಲ್ಲಿಟ್ಟುಕೊಳ್ಳಿರಿ. ಮಗು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿರಿ. ಫಿಟ್ಸ್ ಬಂದಾಗ ಅಥವಾ ವಿಚಿತ್ರವಾದ ಚಲನೆ ಕಂಡಾಗ, ಮಗುವನ್ನು ನೋಡಿಕೊಳ್ಳಲು ಒಬ್ಬರಿರುವಾಗ ಮತ್ತೊಬ್ಬರು ಮೊಬೈಲಿನಲ್ಲಿ ಚಿತ್ರೀಕರಿಸಿದರೆ ವೈದ್ಯರಿಗೆ ಬಹಳ ಸಹಾಯವಾಗುತ್ತದೆ. ಮಗುವಿಗೆ ಹೊಟ್ಟೆತುಂಬ ಉಣಿಸಿ, ಅದಕ್ಕೆ ಇಷ್ಟವಾದ ಆಟಿಕೆಯೊಂದನ್ನು ಜೊತೆಗೆ ಒಯ್ಯಿರಿ.

ತಂದೆಯೂ ಹೋಗತಕ್ಕದ್ದು. ದುಡಿಮೆಗಾಗಿ ದೂರ ಇರುವವರು ಮೊದಲ ಪರೀಕ್ಷೆಯ ದಿನವಾದರೂ ಬರಲು ಪ್ರಯತ್ನಿಸಬೇಕು. ವೈದ್ಯರ ಮಾತನ್ನು ತಾಯಿಯೊಬ್ಬಳೇ ಕೇಳಿ ಬಂದು ಮನೆಯವರೆಲ್ಲರ ಪ್ರಶ್ನೆಗಳಿಗೆ ಉತ್ತರಿಸಬೇಕಾಗುವುದು ಅವಳಿಗೆ ಭಾರವಾದ ಹೊರೆ. ಅಜ್ಜಿಯನ್ನೂ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಆಸ್ಪತ್ರೆಯಿಂದ ಹೊರಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿರಿ: ನಮ್ಮ ಮಗುವಿನ ತೊಂದರೆ ಏನು? ಮನೆಯಲ್ಲಿ ದಿನವೂ ನಾವು ಏನು ಮಾಡಬೇಕು? ಮತ್ತೆ ಯಾವಾಗ ಬರಬೇಕು? ಉತ್ತರವನ್ನು ಬರೆಸಿಕೊಳ್ಳಿರಿ. ಒಮ್ಮೆಗೆ ತಿಳಿಯದಿದ್ದರೆ ಮತ್ತೊಮ್ಮೆ ಕೇಳಲು ಸಂಕೋಚಪಡಬೇಡಿರಿ.

ಮನೆಯಲ್ಲಿ ಆರೈಕೆ

ಆರೈಕೆಗೆ ಬೆಲೆಬಾಳುವ ಸಾಮಾನು ಬೇಕಾಗಿಲ್ಲ. ನಿಮ್ಮ ದಿನನಿತ್ಯದ ಕೆಲಸವೇ ಪಾಠಶಾಲೆ. ರೊಟ್ಟಿ ಬಡಿಯುವಾಗ ಮಗುವನ್ನು ಎದುರಿಗೆ ಕೂರಿಸಿಕೊಂಡು ಅಂಗೈಯಗಲದ ಹಿಟ್ಟು ಕೊಡಿರಿ. “ತಟ್ಟು, ತಟ್ಟು” ಎಂದು ಹೇಳುತ್ತ ಅದರ ಕೈ ಹಿಡಿದು ತಟ್ಟಿಸಿರಿ. ಸ್ನಾನ ಮಾಡಿಸುವಾಗ “ಕೈ, ಕಾಲು, ಮೂಗು” ಎಂದು ಹೆಸರಿಸಿರಿ. ಎತ್ತಿಗೆ ಮೇವು ಹಾಕುವಾಗ ಮಗುವಿನ ಕೈಯಿಂದಲೂ ಒಂದು ಹಿಡಿ ಹಾಕಿಸಿರಿ. ಇಳಕಲ್ಲಿನ ಸೀರೆ ನೇಯುವ ಮನೆಗಳಲ್ಲಿ ಮಗ್ಗದ ಶಬ್ದಕ್ಕೆ ತಕ್ಕಂತೆ ಕೈ ತಟ್ಟುವ ಆಟ ಆಡಿಸಬಹುದು. ಮಾತು ಚಿಕ್ಕದಾಗಿರಲಿ, ನಿಧಾನವಾಗಿರಲಿ, ಮುಖಕ್ಕೆ ಮುಖ ಕೊಟ್ಟು ಇರಲಿ. ಒಂದು ಮಾತಾಡಿದ ಮೇಲೆ ಮಗು ಉತ್ತರ ಕೊಡುವಷ್ಟು ಹೊತ್ತು ಕಾಯಿರಿ. ಅದು ನೋಡಿದರೂ, ನಕ್ಕರೂ, ಕೈ ಚಾಚಿದರೂ ಅದೇ ಉತ್ತರ. ಅದಕ್ಕೆ ಸಂತೋಷ ತೋರಿಸಿರಿ.

ಮಗು ಕೇಳುವ ಮುನ್ನವೇ ಎಲ್ಲವನ್ನೂ ಕೈಗೆ ಕೊಡಬೇಡಿರಿ. ನೀರಿನ ಲೋಟವನ್ನು ಕಣ್ಣಿಗೆ ಕಾಣುವಂತೆ ಸ್ವಲ್ಪ ದೂರದಲ್ಲಿಡಿರಿ. ಬೇಕೆಂದು ಸನ್ನೆ ಮಾಡಿದೊಡನೆ “ನೀರು” ಎಂದು ಹೇಳಿ ಕೊಡಿರಿ. ಹೀಗೆ ದಿನಕ್ಕೆ ಹಲವು ಬಾರಿ, ತಿಂಗಳುಗಟ್ಟಲೆ ಮಾಡಬೇಕಾದೀತು. ಬೇಸರಿಸಬಾರದು.

ಮಗು ಸುಮ್ಮನಿರಲೆಂದು ಮೊಬೈಲು ಕೊಡುವ ಅಭ್ಯಾಸವನ್ನು ಬಿಡಿರಿ. 1 ವರ್ಷದ ಮಕ್ಕಳಿಗೆ ಮತ್ತು ಅದಕ್ಕಿಂತ ಚಿಕ್ಕವರಿಗೆ ಪರದೆಯ ಮುಂದೆ ಕೂರುವುದು ಬೇಡವೆಂದೂ, 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ.

ಮಗುವನ್ನು ಕಟ್ಟಿಹಾಕುವುದು, ಹೊಡೆಯುವುದು, ಬರೆ ಹಾಕುವುದು ಸರ್ವಥಾ ಕೂಡದು. ಫಿಟ್ಸ್ ಬಂದಾಗ ಬಾಯಿಗೆ ಚಮಚ, ನೀರು, ಈರುಳ್ಳಿ ಹಾಕಬೇಡಿರಿ. ಕೈಗೆ ಕಬ್ಬಿಣ ಹಿಡಿಸಬೇಡಿರಿ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿರಿ. 5 ನಿಮಿಷದೊಳಗೆ ನಿಲ್ಲದಿದ್ದರೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಿರಿ. ಫಿಟ್ಸಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿರಿ.

ಔಷಧದಿಂದ ಎಷ್ಟು ಸಾಧ್ಯ?

ಈ ವಿಷಯದಲ್ಲಿ ಸತ್ಯವನ್ನೇ ಹೇಳಬೇಕು. ಫಿಟ್ಸಿಗೆ ಔಷಧವಿದೆ. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಮಗುವಿಗೆ ಮೊದಲ ವಾರಗಳಲ್ಲಿಯೇ ಮಾತ್ರೆ ಆರಂಭಿಸಿದರೆ ಮಿದುಳಿಗೆ ಆಗುವ ಹಾನಿಯನ್ನು ಬಹುಮಟ್ಟಿಗೆ ತಡೆಯಬಹುದು. ಕೇಳದ ಕಿವಿಗೆ ಯಂತ್ರವಿದೆ, ಶಸ್ತ್ರಚಿಕಿತ್ಸೆಯಿದೆ. ಆದರೆ ಸ್ವಲೀನತೆಯನ್ನಾಗಲಿ ಬೌದ್ಧಿಕ ವಿಕಲತೆಯನ್ನಾಗಲಿ ಪೂರ್ತಿಯಾಗಿ ಹೋಗಲಾಡಿಸುವ ಮಾತ್ರೆ, ಟಾನಿಕ್, ಚುಚ್ಚುಮದ್ದು ಯಾವುದೂ ಇಲ್ಲ. ಇದೆಯೆಂದು ಹೇಳಿ ಹಣ ಕೇಳುವವರನ್ನು ನಂಬಬೇಡಿರಿ, ಹೊಲ ಮಾರಬೇಡಿರಿ. ಇಲ್ಲಿ ಕೆಲಸ ಮಾಡುವುದು ತರಬೇತಿ. ಅದನ್ನು ಬೇಗ ಆರಂಭಿಸಿದಷ್ಟೂ ಫಲ ಹೆಚ್ಚು. ಏಕೆಂದರೆ ಮಿದುಳು ಅತ್ಯಂತ ವೇಗವಾಗಿ ಬೆಳೆಯುವುದು ಹುಟ್ಟಿದ ಮೊದಲ 2–3 ವರ್ಷಗಳಲ್ಲಿ.

ಕೆಲವು ಮಕ್ಕಳು ಓದಿ ಬರೆದು ದುಡಿಯುವಂತಾಗುತ್ತಾರೆ. ಕೆಲವರು ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳುವಂತಾಗುತ್ತಾರೆ. ಕೆಲವರಿಗೆ ಜೀವನಪೂರ್ತಿ ಆಸರೆ ಬೇಕಾಗುತ್ತದೆ. ನಾವು ಊಹಿಸಿಕೊಂಡ ಆ ಹುಡುಗನ ಮನೆಯಲ್ಲಿ ಒಂದು ವರ್ಷದ ನಂತರ ಆಗಬಹುದಾದುದು ಇಷ್ಟೇ: ತಂದೆ ಹಬ್ಬಕ್ಕೆ ಊರಿಗೆ ಬಂದಾಗ ಮಗನು ಅವನ ಬೆರಳು ಹಿಡಿದು ಕೊಡದ ಬಳಿಗೆ ಎಳೆದೊಯ್ದು “ನೀರು” ಎನ್ನುತ್ತಾನೆ. ನೋಡುವವರಿಗೆ ಇದು ಸಣ್ಣ ಮಾತು. ಆ ಮನೆಯವರಿಗೆ ಇದು ತುಂಬಿದ ಕೊಡ.

ಯಾರನ್ನೂ ದೂರಬೇಡಿರಿ

ಗ್ರಹಣ, ಶಾಪ, ಮಾಟ, ಹಿಂದಿನ ಜನ್ಮದ ಪಾಪ ಇವುಗಳಿಂದ ಈ ತೊಂದರೆಗಳು ಬರುವುದಿಲ್ಲ. ಲಸಿಕೆಯಿಂದ ಸ್ವಲೀನತೆ ಬರುತ್ತದೆಂಬ ಮಾತೂ ಸುಳ್ಳು. ಅದನ್ನು ನಂಬಿ ಲಸಿಕೆ ನಿಲ್ಲಿಸಿದರೆ ದಡಾರದಂತಹ ರೋಗಗಳಿಂದ ಮಿದುಳಿಗೇ ಅಪಾಯ. ತಾಯಿ ಮಾಡಿದ ಯಾವುದೋ ತಪ್ಪಿನಿಂದ ಮಗು ಹೀಗಾಯಿತೆಂದು ಅವಳನ್ನು ಹೀಯಾಳಿಸುವುದು ಅನ್ಯಾಯ. ದೂರುವ ಮನೆಯಲ್ಲಿ ತಾಯಿ ಕುಗ್ಗುತ್ತಾಳೆ. ಕುಗ್ಗಿದ ತಾಯಿಯಿಂದ ಮಗುವಿನ ಆರೈಕೆ ಸಾಗುವುದಿಲ್ಲ. ಮನಸ್ಸಿಗೆ ಭಾರವಾದಾಗ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಉಚಿತವಾಗಿ ಸಲಹೆ ಪಡೆಯಬಹುದು. ಟೆಲಿ ಮಾನಸ್ ಎಂಬ ಈ ಸೇವೆ 2022ರಲ್ಲಿ ಆರಂಭವಾಯಿತು.

ಮುಂದಿನ ಮಗುವಿನ ವಿಚಾರ

ಒಂದು ಮಗುವಿಗೆ ತೊಂದರೆಯಿದ್ದಾಗ “ಇನ್ನೊಂದು ಬೇಗ ಆಗಲಿ” ಎಂದು ಹಿರಿಯರು ಒತ್ತಾಯಿಸುವುದುಂಟು. ನಿರ್ಧಾರ ದಂಪತಿಗಳದು. ಮೊದಲ ಮಗುವಿನ ಪರೀಕ್ಷೆ ಮುಗಿದು, ಕಾರಣದ ಬಗ್ಗೆ ವೈದ್ಯರ ಸಲಹೆ ದೊರೆಯುವವರೆಗೆ ಮುಂದಿನ ಬಸಿರನ್ನು ಮುಂದೂಡುವುದು ವಿವೇಕ. ಹೆರಿಗೆಯ ನಂತರ ಮುಂದಿನ ಗರ್ಭಧಾರಣೆಗೆ ಕನಿಷ್ಠ 2 ವರ್ಷಗಳ ಅಂತರವಿರಬೇಕು. ಇದಕ್ಕಾಗಿ ಕಾಪರ್-ಟಿ, ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆ, ನಿರೋಧ್ ಇವು ಸರ್ಕಾರಿ ಆರೋಗ್ಯ ಕೇಂದ್ರಗಳ ಮೂಲಕ ಉಚಿತವಾಗಿ ದೊರೆಯುತ್ತವೆ.

ಸೋದರಮಾವನೊಡನೆ, ಅತ್ತೆಯ ಅಥವಾ ಮಾವನ ಮಕ್ಕಳೊಡನೆ ವಿವಾಹವಾಗುವುದು ನಮ್ಮ ಸೀಮೆಯಲ್ಲಿ ರೂಢಿಯಲ್ಲಿದೆ. ಇಂತಹ ದಂಪತಿಗಳ ಹೆಚ್ಚಿನ ಮಕ್ಕಳು ಆರೋಗ್ಯವಂತರಾಗಿಯೇ ಹುಟ್ಟುತ್ತಾರೆ. ಆದರೂ ರಕ್ತಸಂಬಂಧವಿಲ್ಲದ ದಂಪತಿಗಳಲ್ಲಿ 100ಕ್ಕೆ 2–3 ಮಕ್ಕಳಿಗೆ ಹುಟ್ಟುದೋಷದ ಸಂಭವವಿದ್ದರೆ, ಅತ್ತೆ-ಮಾವನ ಮಕ್ಕಳ ವಿವಾಹದಲ್ಲಿ ಅದು ಸುಮಾರು ಎರಡರಷ್ಟಾಗುತ್ತದೆ. ಸೋದರಮಾವನ ವಿವಾಹದಲ್ಲಿ ಇನ್ನೂ ಹೆಚ್ಚು. ಈಗಾಗಲೇ ಹೀಗೆ ವಿವಾಹವಾದವರು ಹೆದರಬೇಕಾಗಿಲ್ಲ. ಬಸಿರಿಗೆ ಮೊದಲೇ ವೈದ್ಯರಿಗೆ ಸಂಬಂಧವನ್ನು ತಿಳಿಸಿರಿ. ಮಕ್ಕಳ ಮದುವೆ ಗೊತ್ತುಮಾಡುವಾಗ ಇದನ್ನು ಲಕ್ಷ್ಯದಲ್ಲಿಡಿರಿ.

ಮೇಲೆ ಹೇಳಿದ 2018ರ ಅಧ್ಯಯನವು ನಮ್ಮ ಕೈಯಲ್ಲಿರುವ ಕೆಲವು ಕಾರಣಗಳನ್ನೂ ತೋರಿಸಿಕೊಟ್ಟಿತು: ಮನೆಯಲ್ಲಿ ಹೆರಿಗೆ, ಹುಟ್ಟಿದೊಡನೆ ಮಗು ಉಸಿರಾಡದಿರುವುದು, ಕಡಿಮೆ ತೂಕ, ಅಕಾಲ ಜನನ, ಎಳೆತನದ ಕಾಯಿಲೆ, ಮಿದುಳಿನ ಸೋಂಕು, ಕುಂಠಿತ ಬೆಳವಣಿಗೆ. ಆದುದರಿಂದ ಬಸಿರಿಗೆ ಮೊದಲೇ ಫೋಲಿಕ್ ಆಮ್ಲದ ಮಾತ್ರೆ, ಬಸಿರಿನಲ್ಲಿ ಕಬ್ಬಿಣದ ಮಾತ್ರೆ ಮತ್ತು ಪೌಷ್ಟಿಕ ಆಹಾರ, ಅಯೋಡಿನ್ ಉಪ್ಪು, ಆಸ್ಪತ್ರೆಯಲ್ಲಿಯೇ ಹೆರಿಗೆ, ಹುಟ್ಟಿದ ಮಗುವಿನ ಕಾಮಾಲೆಗೆ ಕೂಡಲೇ ಚಿಕಿತ್ಸೆ, ಎಲ್ಲ ಲಸಿಕೆಗಳು – ಇವುಗಳನ್ನು ತಪ್ಪಿಸಬೇಡಿರಿ.

ಕಾನೂನು ಮತ್ತು ಸೌಲಭ್ಯ

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 21 ಬಗೆಯ ವಿಕಲತೆಗಳನ್ನು ಗುರುತಿಸಿದೆ. ಸ್ವಲೀನತೆ, ಬೌದ್ಧಿಕ ವಿಕಲತೆ, ಸೆರೆಬ್ರಲ್ ಪಾಲ್ಸಿ, ಕಲಿಕೆಯ ತೊಂದರೆಗಳು ಅದರಲ್ಲಿ ಸೇರಿವೆ. ಶೇಕಡಾ 40 ಅಥವಾ ಹೆಚ್ಚಿನ ವಿಕಲತೆಯುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಯು.ಡಿ.ಐ.ಡಿ. ಗುರುತಿನ ಚೀಟಿಗೆ ಅರ್ಜಿ ಸಲ್ಲಿಸಿರಿ. ಸ್ವಲೀನತೆ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ ಮತ್ತು ಬಹುವಿಕಲತೆಯುಳ್ಳವರಿಗೆ ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ವೆಚ್ಚದ ರಕ್ಷಣೆಯಿದೆ.

ನೆನಪಿಡತಕ್ಕ ಅಂಶಗಳು

1. “ದೊಡ್ಡವನಾದ ಮೇಲೆ ಸರಿಹೋಗುತ್ತಾನೆ” ಎಂದು ಕಾಯಬೇಡಿರಿ. ಸಂಶಯ ಬಂದ ದಿನವೇ ತಿಳಿಸಿರಿ.
2. ಮಾತು ಬಾರದ ಪ್ರತಿ ಮಗುವಿನ ಕಿವಿಯನ್ನೂ ಪರೀಕ್ಷಿಸಲೇಬೇಕು.
3. ಒಂದು ಲಕ್ಷಣಕ್ಕೆ ಹಲವು ಕಾರಣಗಳಿರಬಹುದು. ಆದುದರಿಂದ ಹಲವರು ಕೂಡಿ ನೋಡಬೇಕು.
4. ತಂದೆ ತಾಯಿಗಳಿಬ್ಬರೂ ತಂಡದ ಸದಸ್ಯರು.
5. ಮನೆಯಲ್ಲಿ ದಿನವೂ ಮಾಡುವ ಅಭ್ಯಾಸವೇ ಮುಖ್ಯ ಚಿಕಿತ್ಸೆ.

ಚರ್ಚಿಸಬೇಕಾದ ಪ್ರಶ್ನೆಗಳು

1. ನಿಮ್ಮ ಮಗುವಿನ ವಯಸ್ಸಿಗೆ ತಾಯಿ ಕಾರ್ಡಿನಲ್ಲಿ ಹೇಳಿದ ಚಟುವಟಿಕೆಗಳು ಯಾವುವು? ಅವುಗಳಲ್ಲಿ ಮಗು ಎಷ್ಟನ್ನು ಮಾಡುತ್ತದೆ?
2. ನಿಮ್ಮ ಅಂಗನವಾಡಿಗೆ ಆರೋಗ್ಯ ತಂಡ ಮುಂದಿನ ಬಾರಿ ಬರುವುದು ಯಾವಾಗ?
3. ಮಗುವಿನೊಡನೆ ಇಂದು ತಂದೆ ಎಷ್ಟು ಹೊತ್ತು ಮಾತನಾಡಿದನು?

ಎರಡು ಹೊಳೆಗಳು ಕೂಡಿದಲ್ಲಿ ನೀರಿನ ಬಲ ಹೆಚ್ಚುತ್ತದೆಂಬುದನ್ನು ಸಂಗಮದ ದಂಡೆಯಲ್ಲಿ ನೀವು ಕಣ್ಣಾರೆ ಕಂಡಿದ್ದೀರಿ. ಗಂಡಹೆಂಡಿರು ಕೂಡಿರಿ, ಆರೋಗ್ಯ ಸಿಬ್ಬಂದಿಯೊಡನೆ ಕೂಡಿರಿ. ಹಿಂದುಳಿದ ಮಗುವನ್ನು ಕೈಹಿಡಿದು ನಡೆಸಿರಿ.